ಅಮ್ಮನ ಚಾಪೆ ಕಟ್ಟಿಕೊಂಡು ನಿಂತವನು

2023ರ ಜನವರಿಯಲ್ಲಿ ನಾನು ಬ್ರೂಕ್‌ಫೀಲ್ಡ್ ಹಿಂಬದಿಯ ನಮ್ಮ ಹಳೇ ಊರಿನಲ್ಲಿ, ನೆಲಮಹಡಿಯ ಒಂದು ಬಾಡಿಗೆ ಮನೆಯಲ್ಲಿ, ಹೊರಗಿನಿಂದ ಬಂದವರಿಗೆ ಆಡುಮಾತಿನ ಕನ್ನಡ ಹೇಳಿಕೊಡುತ್ತಿದ್ದೆ. ಈಗಲೂ ನನ್ನ ಕೆಲಸ ಅದೇ. ಇಷ್ಟು ವರ್ಷದ ಕೆಲಸದಲ್ಲಿ ಒಂದು ವಾರ ಮಾತ್ರ ಬೇರೆಯಾಗಿ ನಿಂತುಬಿಟ್ಟಿದೆ. ಆ ವಾರದ ಬಗ್ಗೆ ನಮ್ಮ ಬೀದಿಯವರು ಹೇಳುವ ಕತೆ ಒಂದು, ನಮ್ಮಣ್ಣ ಹೇಳುವುದು ಇನ್ನೊಂದು. ನಾನು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಇದೂ ಸಮಜಾಯಿಷಿ ಅಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆ ಸೋಮವಾರ ಎಲ್ಲ ಸೋಮವಾರಗಳ ಹಾಗೇ ಇತ್ತು. ಅವರೆಕಾಯಿ ಕಾಲ. ಅಮ್ಮ ನಡುಮನೆಯ ಬಾಗಿಲ ಪಕ್ಕ ತನ್ನ ಈಚಲು ಚಾಪೆಯ ಮೇಲೆ ಕಾಲು ಚಾಚಿ ಕೂತು, ನೆನೆಸಿದ ಅವರೆಕಾಳನ್ನು ಹಿತಕಿ ಬೇಳೆ ತೆಗೆಯುತ್ತಿದ್ದಳು. ಅವಳೆದುರು ಬರೀ ನೆಲದ ಮೇಲೆ, ಬಿಳಿ ಶರ್ಟು ಕರಿ ಟೈ ಹಾಕಿಕೊಂಡ ಭಾರಿ ಮೈಕಟ್ಟಿನ ಹುಡುಗನೊಬ್ಬ ಚಕ್ಕಳಮಕ್ಕಳ ಹಾಕಿ ಕೂತು ಅದೇ ಕೆಲಸ ಮಾಡುತ್ತಿದ್ದ. ಅವನ ಬೆರಳಿಗೆ ಸಿಕ್ಕ ಕಾಳಿನ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಹಾರಿ ಟಿವಿಯ ಹಿಂದೆ ಹೋಗಿ ಬಿತ್ತು.

"ಅಂಗಲ್ಲ ಕಣ್ಲಾ, ಮೆತ್ತಗೆ. ಕೋಳಿ ಕತ್ತು ಇಸುಕ್ದಂಗೆ ಇಸುಕ್ತೀಯಲ್ಲ" ಅಂದಳು ಅಮ್ಮ.

"ಮೆತ್ತಗೇ ಇಸುಕ್ತಾ ಇವ್ನಿ ಕಣಜ್ಜಿ. ಕಾಳೇ ಓಡೋಯ್ತದೆ" ಅಂದ ಅವನು, ತಲೆ ಎತ್ತದೆ.

ಅವನು ಟೋಂಗಾದವನು. ನಮ್ಮಿಂದ ಬಹಳ ದೂರ, ಪೆಸಿಫಿಕ್ ಸಮುದ್ರದ ನಡುವಿನ ದ್ವೀಪಗಳ ದೇಶ ಅದು. ಅವನು ಬರುವ ತನಕ ಅಂಥ ದೇಶ ಇದೆಯೆಂದು ನನಗೂ ಗೊತ್ತಿರಲಿಲ್ಲ.

ಅವನು ಮತ್ತು ಅವನ ಜೊತೆಗಾರ ಇಬ್ಬರೂ ಮಾರ್ಮನ್ ಮಿಷನರಿಗಳು. ಮಾರ್ಮನ್ ಅಂದರೆ ಕ್ರೈಸ್ತರಲ್ಲೇ ಒಂದು ಪಂಗಡ. ಅವರಲ್ಲಿ ಹುಡುಗರು ಇಪ್ಪತ್ತರ ಆಸುಪಾಸಿನಲ್ಲಿ ಎರಡು ವರ್ಷ ಮನೆ ಬಿಟ್ಟು, ಕಳಿಸಿದ ಊರಿಗೆ ಹೋಗಿ ಧರ್ಮದ ಕೆಲಸ ಮಾಡುತ್ತಾರೆ. ಎದೆಯ ಮೇಲೆ ಹೆಸರಿನ ಕರಿ ಪಟ್ಟಿ ಇರುತ್ತದೆ. ಕಾಫಿ ಟೀ ಮುಟ್ಟುವುದಿಲ್ಲ. ಎಲ್ಲಿಗೆ ಹೋದರೂ ಇಬ್ಬಿಬ್ಬರೇ ಹೋಗಬೇಕು, ಒಬ್ಬ ಇನ್ನೊಬ್ಬನ ಕಣ್ಣಳತೆ ಬಿಟ್ಟು ಹೋಗುವಂತಿಲ್ಲ. ಸೋಮವಾರ ಅವರಿಗೆ ಬಿಡುವು. ಬಟ್ಟೆ ಒಗೆಯುವುದು, ಸಾಮಾನು ತರುವುದು, ಮನೆಗೆ ವಿಡಿಯೊ ಕಾಲ್ ಮಾಡುವುದು ಎಲ್ಲ ಆವತ್ತೇ. ಇವರಿಬ್ಬರು ತಮ್ಮ ಸಭೆಗೆ ಬರುವ ಉತ್ತರ ಕರ್ನಾಟಕದ ಗಾರೆ ಕೆಲಸದ ಕುಟುಂಬಗಳ ಮನೆಗೆ ಹೋಗುತ್ತಿದ್ದರು. ಅವರ ಜೊತೆ ಮಾತಾಡಲು ಕನ್ನಡ ಬೇಕಾಗಿತ್ತು. ಹಾಗಾಗಿ ವಾರಕ್ಕೆ ಮೂರು ದಿನ ನನ್ನ ಹತ್ತಿರ ಬರುತ್ತಿದ್ದರು.

ಅವರ ಇನ್ನೊಂದು ಕಟ್ಟಳೆ ಈ ಕತೆಗೆ ಮುಖ್ಯ. ಒಬ್ಬಳೇ ಹೆಂಗಸು ಇರುವ ಮನೆಯೊಳಗೆ ಅವರು ಕೂರುವಂತಿಲ್ಲ. ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರಲೇಬೇಕು. ನಮ್ಮ ಯಜಮಾನರು ಬೊಮ್ಮಸಂದ್ರದ ಔಷಧ ಕಾರ್ಖಾನೆಯಲ್ಲಿ ಆಪರೇಟರು. ಬೆಳಕಾಗುವ ಮೊದಲೇ ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಹಗಲಿನಲ್ಲಿ ನಾನು ಮತ್ತು ಅಮ್ಮ. ಅಮ್ಮ ಚಾಪೆಯ ಮೇಲೆ ಕೂತಿರುತ್ತಿದ್ದಳು, ಅದರಿಂದಲೇ ಪಾಠ ನಡೆಯುತ್ತಿತ್ತು.

ಅವನ ಪಟ್ಟಿಯ ಮೇಲೆ ಎಲ್ಡರ್ ಫಿಫಿಟಾ ಎಂದಿತ್ತು. ಎಲ್ಡರ್ ಅಂದರೆ ಹಿರಿಯರು ಅಂತ, ಇವರಲ್ಲಿ ಹುಡುಗರನ್ನು ಹಾಗೇ ಕರೆಯುತ್ತಾರೆ ಎಂದು ಮೊದಲ ದಿನ ನಾನು ಅಮ್ಮನಿಗೆ ಹೇಳಿದೆ. ಅಮ್ಮ ಅವನ ಮುಖ ನೋಡಿ, "ಮೀಸೆ ಸರಿಯಾಗಿ ಬಂದಿಲ್ಲ, ಇರೀಕನಂತೆ" ಅಂದು ನಕ್ಕಳು. ಅಪ್ಪ ಅಮ್ಮ ಇಟ್ಟ ಹೆಸರು ಯಾವುದು ಎಂದು ಬಿಡದೆ ಕೇಳಿದಳು. ಸಿಯೋನೆ, ಅಂದ. ಅವತ್ತಿನಿಂದ ಅಮ್ಮನ ಬಾಯಲ್ಲಿ ಅವನು ಸೊಣ್ಣಪ್ಪ. ಜೊತೆಗಾರ ಎಲ್ಡರ್ ಪ್ರಸಾದ್ ರಾಜಮಂಡ್ರಿ ಕಡೆಯ ತೆಲುಗು ಹುಡುಗ, ಸಣ್ಣಗೆ, ಮಾತು ಕಮ್ಮಿ. ಟೀ ಬೇಡವೆಂದ ಇಬ್ಬರ ಮೇಲೂ ಮೊದಲು ಅಮ್ಮನಿಗೆ ಸಿಟ್ಟೇ ಬಂದಿತ್ತು. ಆಮೇಲೆ ರಾಗಿ ಗಂಜಿಗೆ ಮಜ್ಜಿಗೆ ಬೆರೆಸಿ ಕೊಟ್ಟಳು. ಸೊಣ್ಣಪ್ಪ ಚೊಂಬು ಕೆಳಗಿಡದೆ ಕುಡಿದ. ಅಲ್ಲಿಗೆ ಸಿಟ್ಟು ಮುಗಿಯಿತು.

ಇನ್ನೊಂದು ವಿಷಯ ಆಗಲೇ ನಾನು ಗಮನಿಸಿದ್ದೆ. ಬಂದ ಮೊದಲ ದಿನ ಅವನು ಅಮ್ಮನ ಚಾಪೆಯನ್ನು ಬಗ್ಗಿ ಮುಟ್ಟಿ ನೋಡಿದ, ಹೆಣೆದವರು ಯಾರು ಎಂದು ಕೇಳಿದ. ಅಮ್ಮನೇ ಹೆಣೆದದ್ದು, ಬಹಳ ಹಳೆಯದು, ಎರಡು ಕಡೆ ಅಂಚು ಬಿಚ್ಚಿಕೊಂಡಿತ್ತು. ಕೂತುಕೋ ಅಂದರೂ ಅದರ ಮೇಲೆ ಕೂರಲಿಲ್ಲ. ಒಳಗೆ ಬರುವಾಗ ಅದನ್ನು ತುಳಿಯದೆ ಸುತ್ತಿ ಬರುತ್ತಿದ್ದ. ನಾಚಿಕೆ ಇರಬೇಕು ಅಂದುಕೊಂಡೆ.

ನನ್ನ ಕೆಲಸದ ಬಗ್ಗೆ ಒಂದಿಷ್ಟು ಹೇಳಬೇಕು. ನಾನು ಓದಿದ್ದು ಪಿಯುಸಿ, ಆಮೇಲೆ ಟೀಚರ್ ಟ್ರೈನಿಂಗ್. ಸರ್ಕಾರಿ ಕೆಲಸ ಸಿಗಲಿಲ್ಲ. ವೈಟ್‌ಫೀಲ್ಡ್ ಸುತ್ತ ಅಪಾರ್ಟ್‌ಮೆಂಟು ಎದ್ದ ಮೇಲೆ ಅಲ್ಲಿನ ಹೆಂಗಸರಿಗೆ ಕನ್ನಡ ಹೇಳಿಕೊಡುತ್ತಾ ಇದೇ ವೃತ್ತಿಯಾಯಿತು. ನಾನು ಅಕ್ಷರದಿಂದ ಶುರು ಮಾಡುವುದಿಲ್ಲ. ಆಟೊದವರು, ತರಕಾರಿಯವರು, ನೀರಿನ ಕ್ಯಾನ್ ತರುವವರು, ಇವರ ಜೊತೆ ಮಾತು ಮೊದಲು. ಆದರೆ ಎಲ್ಲರಿಗೂ ಮೊದಲ ಪಾಠ ಒಂದೇ. ಒಂದು ಮನೆಯಿಂದ ಎದ್ದು ಹೊರಡುವಾಗ ಏನು ಹೇಳಬೇಕು ಎಂಬುದು. ಹೊರಗಿನವರು ಹೋಗ್ತೀನಿ ಅಂದುಬಿಡುತ್ತಾರೆ. ನಮ್ಮಲ್ಲಿ ಹೋಗಿ ಬರ್ತೀನಿ ಅನ್ನಬೇಕು. ಮನೆಯಲ್ಲಿ ಉಳಿಯುವವರು ಅದಕ್ಕೆ ಉತ್ತರ ಕೊಡಬೇಕು, ಹುಷಾರಾಗಿ ಹೋಗಿ ಬಾ ಅಂತ. ಸಾವಿನ ಮನೆಯಲ್ಲಿ ಮಾತ್ರ ಏನೂ ಹೇಳದೆ ಎದ್ದು ಹೋಗಬೇಕು. ಆ ಮನೆಗೆ ಮತ್ತೊಂದು ಸಲ ಅದೇ ಕಾರಣಕ್ಕೆ ಬರುವ ಹಾಗಾಗಬಾರದು ಎಂದು ಜನರ ನಂಬಿಕೆ. ಸಾವಿನ ಮನೆಯ ಈ ಪಾಠವನ್ನು ನಾನು ಕೋರ್ಸಿನ ಕೊನೆಯಲ್ಲಿ ಹೇಳಿಕೊಡುತ್ತೇನೆ. ಇವರಿಬ್ಬರ ಪಾಠ ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ನಾನು ಹೇಳಿಕೊಡುತ್ತಿದ್ದದ್ದು ಹ-ಕಾರ ಸರಿಯಾಗಿರುವ, ಆಫೀಸಿನಲ್ಲೂ ನಡೆಯುವ ಕನ್ನಡ. ಅಮ್ಮ ಚಾಪೆಯ ಮೇಲಿಂದಲೇ ಅದನ್ನು ತಿದ್ದುತ್ತಿದ್ದಳು. ನಾನು "ಹೇಗಿದ್ದೀರಿ" ಅಂದರೆ ಅಮ್ಮ "ಅಂಗ್ಯಾರಮ್ಮಿ ಮಾತಾಡ್ತಾರೆ, ಎಂಗಿದ್ದೀರಾ ಅನ್ಲಾ" ಅನ್ನುವಳು. ಪ್ರಸಾದ್ ನನ್ನ ಮಾತು ಬರೆದುಕೊಂಡ. ಸೊಣ್ಣಪ್ಪ ಬರೆಯುವುದನ್ನು ಬಿಟ್ಟು ಅಮ್ಮನ ಬಾಯಿ ನೋಡುತ್ತಾ ಕೂತ. ನಾಲ್ಕು ತಿಂಗಳಲ್ಲಿ ಆ ದ್ವೀಪದ ಹುಡುಗ ಅಚ್ಚು ನಮ್ಮೂರ ಮುದುಕಿಯ ಹಾಗೆ ಮಾತಾಡುತ್ತಿದ್ದ. ಕೈ ತಿರುಗಿಸುವುದೂ ಹಾಗೇ. ಹಾಲಿನ ಬೂತಿನವನು ಒಮ್ಮೆ ಅವನ ಮಾತು ಕೇಳಿ, "ಏನ್ ಗುರು, ನಮ್ಮಜ್ಜಿ ಎದ್ದು ಬಂದಂಗಾಯ್ತು" ಅಂದಿದ್ದನಂತೆ.

ಆ ಸೋಮವಾರ ಅವರು ಹೊರಟಾಗ ಬಾಗಿಲಲ್ಲಿ ನಿಂತು ಅವನು ಎಂದಿನಂತೆ, "ಓಗ್ಬತ್ತೀನಿ ಕಣಜ್ಜಿ" ಅಂದ.

"ಉಸಾರಾಗಿ ಓಗ್ಬುಟ್ ಬಾ" ಅಂದಳು ಅಮ್ಮ. ಬೇಳೆಯ ಪಾತ್ರೆಯಿಂದ ಕಣ್ಣೆತ್ತಲೂ ಇಲ್ಲ. ದಿನಾ ಹೇಳುವ ಮಾತಿಗೆ ಯಾರು ಕಣ್ಣೆತ್ತುತ್ತಾರೆ.

ಮಂಗಳವಾರ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ ಬಂದು, ತಲೆ ಒರೆಸಿಕೊಳ್ಳುತ್ತಾ ಚಾಪೆಯ ಮೇಲೆ ಕೂತಳು. ನಾನು ಒಲೆಯ ಮುಂದೆ ಇದ್ದೆ. ಕಾಫಿ ಬೆರೆಸಿ ತಂದು ನೋಡಿದರೆ ಗೋಡೆಗೆ ಒರಗಿದ್ದಳು, ಟವೆಲು ಮಡಿಲಲ್ಲಿತ್ತು. ಮೂರು ಸಲ ಕರೆದೆ. ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ತಲೆಯಾಡಿಸಿದರು. ಕಷ್ಟಪಡಲಿಲ್ಲ ಎಂದು ಎಲ್ಲರೂ ಹೇಳಿದರು. ಅವಳಿಗೆ ಕಷ್ಟ ಆಗಲಿಲ್ಲ, ಸರಿ.

ಅಮ್ಮ ಆರು ವರ್ಷ ನನ್ನ ಜೊತೆ ಇದ್ದಳು. ಅಣ್ಣ ಮುನಿರಾಜು ಎರಡು ಬೀದಿ ಆಚೆ ನಾಲ್ಕು ಮಹಡಿ ಕಟ್ಟಿಸಿ, ಕೆಳಗಿನ ಮನೆಗಳನ್ನೆಲ್ಲ ಬಾಡಿಗೆಗೆ ಕೊಟ್ಟು ಮೇಲೆ ಇದ್ದಾನೆ. ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಬೀದಿ ಕಾಣದಿದ್ದರೆ ಉಸಿರು ಕಟ್ಟುತ್ತದೆ ಅನ್ನುತ್ತಿದ್ದಳು. ಮಗನಿರುವಾಗ ತಾಯಿ ಮಗಳ ಮನೆಯಲ್ಲಿರುವುದು ನಮ್ಮ ಕಡೆ ಮರ್ಯಾದೆಯ ಪ್ರಶ್ನೆ. ಅಣ್ಣ ಅದನ್ನು ನುಂಗಿಕೊಂಡಿದ್ದ. ಸತ್ತ ಮೇಲೆ ನುಂಗಿಕೊಳ್ಳಲಿಲ್ಲ. ತನ್ನ ಬೀದಿಯ ನಾಲ್ಕು ಜನರನ್ನು ಕರೆದುಕೊಂಡು ಬಂದ, ಅತ್ತ, ಅಮ್ಮನ ಕಾಲು ಹಿಡಿದುಕೊಂಡು ನಿಜವಾಗಿ ಅತ್ತ. ಆಮೇಲೆ ಕಣ್ಣು ಒರೆಸಿಕೊಂಡು, "ಮಗನ ಮನೆಯಿಂದ್ಲೇ ಎಣ ಏಳ್ಬೇಕು" ಅಂದ. ಕೆಲವೇ ನಿಮಿಷದಲ್ಲಿ ಅಮ್ಮ ನನ್ನ ಮನೆಯಲ್ಲಿ ಇರಲಿಲ್ಲ. ಅತ್ತಿಗೆಯ ಕಡೆಯ ಹೆಂಗಸರು ನನ್ನ ಮನೆ ತೊಳೆದು, ಅಮ್ಮನ ದಿಂಬು, ಹಳೇ ಸೀರೆ, ಚಾಪೆ ಎಲ್ಲ ಎತ್ತಿ ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ಪಕ್ಕ ಹಾಕಿದರು. ಸತ್ತವರು ಮಲಗಿದ್ದ ಚಾಪೆಯನ್ನು ಮನೆಯಲ್ಲಿಟ್ಟುಕೊಳ್ಳುವುದಿಲ್ಲ, ಸ್ಮಶಾನಕ್ಕೆ ಹೊರಡುವಾಗ ತೆಗೆದುಕೊಂಡು ಹೋಗಿ ಅಲ್ಲಿ ಬಿಸಾಡುತ್ತಾರೆ.

ಅಣ್ಣನ ಮನೆಯ ಮುಂದೆ ಶಾಮಿಯಾನ ಹಾಕಿ ಅಮ್ಮನನ್ನು ಮಲಗಿಸಿದ್ದರು. ಬಂದವರೆಲ್ಲ ಅಣ್ಣನ ಕೈ ಹಿಡಿದು ಮಾತಾಡಿ, ಅಮ್ಮನ ಬಾಯಿಗೆ ಅಕ್ಕಿ ಹಾಕಿ ಹೋಗುತ್ತಿದ್ದರು. ನಾನು ಹೆಂಗಸರ ಗುಂಪಿನ ಹಿಂದೆ ಒಂದು ಕಂಬಕ್ಕೆ ಒರಗಿ ನಿಂತಿದ್ದೆ. ದೂರದ ನೆಂಟರೊಬ್ಬರು ನನ್ನನ್ನು ಕೆಳಗಿನ ಮನೆಯ ಬಾಡಿಗೆಯವಳೆಂದುಕೊಂಡು, ಮಗಳು ಬಂದಳಾ ಎಂದು ನನ್ನನ್ನೇ ಕೇಳಿದರು.

ಬೆಳಿಗ್ಗೆಯೇ ಹುಡುಗರಿಗೆ ಮೆಸೇಜು ಹಾಕಿದ್ದೆ, ಅಮ್ಮ ತೀರಿಕೊಂಡರು, ಪಾಠ ಇಲ್ಲ ಅಂತ. ಅವರು ಬರುತ್ತಾರೆಂದು ಅಂದುಕೊಂಡಿರಲಿಲ್ಲ. ಗೇಟಿನ ಹತ್ತಿರ ಗದ್ದಲ ಕೇಳಿ ತಿರುಗಿ ನೋಡಿದೆ. ಸೊಣ್ಣಪ್ಪ ನಿಂತಿದ್ದ. ಬಿಳಿ ಶರ್ಟಿನ ಮೇಲೆ, ಎದೆಯ ಕೆಳಗಿನಿಂದ ಮೊಣಕಾಲಿನ ತನಕ, ಅಮ್ಮನ ಚಾಪೆಯನ್ನು ಸುತ್ತಿಕೊಂಡಿದ್ದ. ಅದು ಬಿಚ್ಚದ ಹಾಗೆ ತನ್ನ ಕರಿ ಟೈಯನ್ನು ಸೊಂಟಕ್ಕೆ ಕಟ್ಟಿದ್ದ. ತಲೆ ತಗ್ಗಿಸಿ ನಿಂತಿದ್ದ. ಅವನ ಹಿಂದೆ ಪ್ರಸಾದ್ ಬೆವರುತ್ತಿದ್ದ. ಮೊದಲು ನನ್ನ ಮನೆಗೆ ಹೋಗಿ ಬೀಗ ನೋಡಿ, ಟ್ರಾನ್ಸ್‌ಫಾರ್ಮರ್ ಹತ್ತಿರ ಚಾಪೆ ಕಂಡು ಎತ್ತಿಕೊಂಡನೆಂದು, ಎಷ್ಟು ಹೇಳಿದರೂ ಕೇಳಲಿಲ್ಲವೆಂದು ಆಮೇಲೆ ಪ್ರಸಾದನೇ ಹೇಳಿದ.

ಜನ ಹಿಂದಕ್ಕೆ ಸರಿದರು. ಯಾರೋ ಫೋನು ಎತ್ತಿ ವಿಡಿಯೊ ಮಾಡತೊಡಗಿದರು. ಪಾದ್ರಿ ಹುಡುಗರು ಮಾಟ ಮಾಡಲು ಬಂದಿದ್ದಾರೆ ಎಂದು ಒಬ್ಬ, ಕುಡಿದು ಬಂದಿದ್ದಾನೆ ಎಂದು ಇನ್ನೊಬ್ಬ. ಅಣ್ಣ ನುಗ್ಗಿ ಹೋದ.

"ಏಯ್, ಎಣದ್ ಚಾಪೆ ಕಣೋ ಅದು. ಬಿಚ್ಚೋ."

ಸೊಣ್ಣಪ್ಪ ತಲೆ ಎತ್ತಿದ. ಅವನಿಗೆ ಭಯವಾಗಿತ್ತು, ಅದು ಕಾಣುತ್ತಿತ್ತು. ಆದರೂ ಹೇಳಿದ. "ನಮ್ಮೂರಲ್ಲಿ ಇಂಗೇ ಕಣಣ್ಣೋ. ದೊಡ್ಡೋರು ಓದ್ರೆ ಚಿಕ್ಕೋರು ಅರ್ದೋಗಿರೋ ಚಾಪೆ ಕಟ್ಕೊಂಡೇ ಬರ್ಬೇಕು. ಬರೀ ಮೈಯಾಗೆ ಬರ್ಬಾರ್ದು. ಅಜ್ಜಿ ನಂಗೆ ದೊಡ್ಡೋಳು."

ಗೇಟಿನ ಹತ್ತಿರ ಮಾತು ನಿಂತುಹೋಯಿತು. ಅವನು ಹೇಳಿದ ವಿಷಯಕ್ಕೆ ಅಲ್ಲ. ಹೇಳಿದ ದನಿಗೆ. ಆ ಎಳೆತ, ಆ 'ಕಣಣ್ಣೋ', ಕೊನೆಯಲ್ಲಿ ಕೈ ತಿರುಗಿಸಿದ್ದು, ಎಲ್ಲ ಶಾಮಿಯಾನದೊಳಗೆ ಮಲಗಿದ್ದವಳದು. ಹೆಂಗಸರಲ್ಲಿ ಒಬ್ಬಳು ನಕ್ಕು, ನಗುತ್ತಲೇ ಅತ್ತಳು. ಅಣ್ಣನ ಎತ್ತಿದ ಕೈ ಹಾಗೇ ನಿಂತಿತು. ಅವನಿಗೂ ಕೇಳಿಸಿತ್ತು. ಬಹುಶಃ ಅದಕ್ಕೇ ಅವನ ಸಿಟ್ಟು ಇಳಿಯಲಿಲ್ಲ, ನನ್ನ ಕಡೆ ತಿರುಗಿತು. ಇವನನ್ನು ಕಳಿಸು ಎಂದು ಕೂಗಿದ.

ನಾನು ಕಂಬ ಬಿಟ್ಟು ಮುಂದೆ ಬಂದೆ. "ನಿಂತ್ಕೊಳ್ಳಲಿ ಬಿಡಣ್ಣ. ಅಮ್ಮನ ಕೈಲಿ ಊಟ ಮಾಡಿದಾನೆ" ಅಂದೆ.

ಆಗ ಸೊಣ್ಣಪ್ಪ ನನ್ನ ಸೀರೆ, ನನ್ನ ಬರಿಗೈ, ನಾನು ನಿಂತಿದ್ದ ಜಾಗ ಎಲ್ಲ ನೋಡಿದ. ಅವನಿಗೆ ಏನೋ ಅರ್ಥವಾಗಲಿಲ್ಲ ಅನ್ನಿಸಿತು. ತಗ್ಗಿದ ದನಿಯಲ್ಲಿ ಕೇಳಿದ, "ಟೀಚರ್, ನಿಮ್ ಚಾಪೆ ಎಲ್ಲಿ?"

ಅವರ ದೇಶದಲ್ಲಿ ಸಾವಿನ ಮನೆಗೆ ಬಂದವರು ಸೊಂಟಕ್ಕೆ ಸುತ್ತಿದ ಚಾಪೆ ನೋಡಿದರೇ ಗೊತ್ತಾಗುತ್ತದಂತೆ, ಸತ್ತವರಿಗೆ ಅವರು ಏನಾಗಬೇಕು ಎಂದು. ಚಿಕ್ಕವರದು ದೊಡ್ಡದು, ಒರಟು, ಹರಿದದ್ದು. ಯಾರನ್ನೂ ಯಾರೂ ಮಗಳು ಬಂದಳಾ ಎಂದು ಕೇಳಬೇಕಾಗುವುದಿಲ್ಲ. ಇದನ್ನೆಲ್ಲ ಅವನು ಆಮೇಲೆ ವಿವರವಾಗಿ ಹೇಳಿದ. ಆದರೆ ಆ ಪ್ರಶ್ನೆ ಅವತ್ತೇ ನನಗೆ ಪೂರ್ತಿ ಅರ್ಥವಾಗಿತ್ತು. ಆರು ವರ್ಷ ತಲೆ ಬಾಚಿದ್ದು, ಮಾತ್ರೆ ಕೊಟ್ಟಿದ್ದು, ಬೆನ್ನು ಉಜ್ಜಿದ್ದು ನಾನು. ಸತ್ತದ್ದು ನನ್ನ ಮನೆಯಲ್ಲಿ. ಅವಳ ಸಾವಿನಲ್ಲಿ ನನಗೊಂದು ಗುರುತೂ ಇರಲಿಲ್ಲ.

ಅಣ್ಣ ಪಕ್ಕಕ್ಕೆ ಸರಿದ ಮೇಲೆ ಅವನು ಅಮ್ಮನ ಬಾಯಿಗೆ ಅಕ್ಕಿ ಹಾಕಿ, ಚಾಪೆ ಬಿಚ್ಚಿ ಸುರುಳಿ ಮಾಡಿದ. ಒಬ್ಬ ಅದನ್ನು ಸ್ಮಶಾನದ ಗಾಡಿಗೆ ಹಾಕಲು ಕೈ ಚಾಚಿದ. ನಾನು ಮೊದಲು ಇಸಿದುಕೊಂಡೆ. ಕೊಡು ಅಂದರು, ಕೊಡಲಿಲ್ಲ. ಹೆಂಗಸರು ಗದರಿದರು, ಕೊಡಲಿಲ್ಲ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದಿರುವ ನಮ್ಮೂರ ಸ್ಮಶಾನದಲ್ಲಿ ಅಮ್ಮನನ್ನು ಮಣ್ಣು ಮಾಡುವ ತನಕ ಅದು ನನ್ನ ಕಂಕುಳಲ್ಲೇ ಇತ್ತು. ಸಂಜೆ ತಂದು ನಡುಮನೆಯ ಬಾಗಿಲ ಪಕ್ಕ ಅದರ ಜಾಗದಲ್ಲೇ ಹಾಸಿದೆ. ನಮ್ಮ ಯಜಮಾನರು ಅದನ್ನು ನೋಡಿದರು, ನನ್ನನ್ನು ನೋಡಿದರು, ಸುತ್ತಿ ಹೋಗಿ ಕೈಕಾಲು ತೊಳೆದುಕೊಂಡರು. ಇವತ್ತಿಗೂ ಒಂದು ಮಾತು ಕೇಳಿಲ್ಲ.

ಗುರುವಾರ ಸಮಾಧಿಗೆ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಅಣ್ಣ ನನ್ನ ಮನೆಗೆ ಬಂದ. ಒಳಗೆ ಬರಲಿಲ್ಲ, ಗೇಟು ಹಿಡಿದುಕೊಂಡು ನಿಂತ. ವಿಡಿಯೊ ಊರಿನ ವಾಟ್ಸಾಪ್ ಗುಂಪಿನಲ್ಲೆಲ್ಲ ಓಡಾಡಿತ್ತು. ನಾನು ಮತ ಬಿಟ್ಟಿದ್ದೇನೆ, ಅಮ್ಮನನ್ನೂ ಸೇರಿಸಿದ್ದೆ ಎಂಬ ಮಾತು ಹಬ್ಬಿತ್ತು. ನಿಜ ಇಷ್ಟು. ಅವರು ಒಂದು ಸಲ ತಮ್ಮ ಪುಸ್ತಕ ಕೊಡಲೇ ಎಂದು ಕೇಳಿದ್ದರು, ನಾನು ಬೇಡ ಅಂದೆ, ಮತ್ತೆ ಆ ಮಾತು ಬರಲಿಲ್ಲ. ಅಮ್ಮ ಮಂಗಳವಾರ ಶುಕ್ರವಾರ ಮಾರಮ್ಮನ ಗುಡಿ ತಪ್ಪಿಸಿದವಳಲ್ಲ. ಇದು ಅಣ್ಣನಿಗೂ ಗೊತ್ತು.

"ಕೊಟ್ಟ ಎಣ್ಣು ನೀನು. ನಿಂಗೆ ಮೂರ್ ದಿನದ್ ಸೂತ್ಕ, ಇವತ್ತಿಗ್ ಮುಗೀತು. ಇನ್ ನಿನ್ ಪಾಡಿಗ್ ನೀನಿರು. ಆ ಚಾಪೆ ಬಿಸಾಕು. ಆ ಐಕ್ಳು ಇನ್ಮ್ಯಾಕೆ ಈ ಬೀದಿಗ್ ಬರ್ಕೂಡ್ದು" ಅಂದ ಅಣ್ಣ.

"ಬಿಸಾಕ್ದೇ ಇದ್ರೆ?"

"ಅನ್ನೊಂದನೇ ದಿನಕ್ಕೆ ನಿನ್ನ ಕರೆಯಾಕಿಲ್ಲ. ಆಮ್ಯಾಕೂ ಇಲ್ಲ. ತೌರುಮನೆ ಅಂತ ಒಂದೈತೆ ಅನ್ನೋದ್ ಮರ್ತುಬುಡು."

ಇದು ಸಣ್ಣ ಮಾತಲ್ಲ. ನಮ್ಮ ಕಡೆಯ ಹೆಂಗಸಿಗೆ ಗೌರಿ ಹಬ್ಬದ ಬಾಗಿನ, ಸತ್ತಾಗ ಮೈಮೇಲೆ ಬೀಳುವ ಸೀರೆ, ಎಲ್ಲ ತವರಿನಿಂದ ಬರಬೇಕು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಯೋಚನೆ ಮಾಡು, ಶನಿವಾರಕ್ಕೆ ಕೇಳ್ತೀನಿ ಎಂದು ಹೋದ. ಹೋಗಿ ಬರ್ತೀನಿ ಅನ್ನಲಿಲ್ಲ. ಸಾವಿನ ಮನೆ, ಅನ್ನುವ ಹಾಗೂ ಇರಲಿಲ್ಲ. ಸೂತಕ ಮುಗಿಯಿತು ಅಂದವನೇ ಸೂತಕದ ಮನೆಯಿಂದ ಹೋಗುವ ಹಾಗೆ ಹೊರಟು ಹೋದ. ಅದನ್ನು ನೋಡುತ್ತಾ ನಿಂತೆ.

ಶುಕ್ರವಾರ ಪ್ರಸಾದ್ ಫೋನು ಮಾಡಿದ. ಎರಡು ಸುದ್ದಿ. ಮೊದಲನೆಯದು, ಅಜ್ಜಿ ಇಲ್ಲದ್ದರಿಂದ ಇನ್ನು ಅವರು ನನ್ನ ಮನೆಯೊಳಗೆ ಬರುವಂತಿಲ್ಲ, ಅವರ ಕಟ್ಟಳೆ. ಎರಡನೆಯದು, ಸೊಣ್ಣಪ್ಪನಿಗೆ ವರ್ಗ. ಆರು ವಾರಕ್ಕೊಮ್ಮೆ ಯಾರು ಎಲ್ಲಿಗೆ ಎಂದು ಮೇಲಿನಿಂದ ಹೇಳುತ್ತಾರೆ, ಈ ಸಲ ಅವನು ಭಾನುವಾರದ ಪ್ರಾರ್ಥನೆ ಮುಗಿಸಿ ಕೊಯಮತ್ತೂರಿಗೆ. ಹಾಗಾಗಿ ಪಾಠ ಇಲ್ಲಿಗೇ ನಿಲ್ಲಿಸೋಣವಾ ಮೇಡಂ ಎಂದು ಸಂಕೋಚದಿಂದ ಕೇಳಿದ. ಬೀದಿಯಲ್ಲಿ ಆದದ್ದೆಲ್ಲ ಅವನಿಗೆ ಗೊತ್ತಿತ್ತು.

ಒಂದು ಪಾಠ ಬಾಕಿ ಇದೆ, ಶನಿವಾರ ಬನ್ನಿ ಅಂದೆ. ಒಳಗೆ ಬರುವುದು ಬೇಡ, ಬಾಗಿಲ ಹೊರಗೆ ಕೂತುಕೊಳ್ಳಿ, ನಾನು ಒಳಗೆ ಕೂರುತ್ತೇನೆ. ನಿಮ್ಮ ಕಟ್ಟಳೆಯೂ ಮುರಿಯುವುದಿಲ್ಲ, ನನ್ನ ಕೆಲಸವೂ ನಿಲ್ಲುವುದಿಲ್ಲ.

ಶನಿವಾರ ಬೆಳಿಗ್ಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹೊಸಲಿನ ಆಚೆ, ಬೀದಿಗೆ ಕಾಣುವ ಹಾಗೇ ಹಾಕಿದೆ. ಬಾಗಿಲು ಅಗಲ ತೆರೆದೆ. ಚಾಪೆ ನನ್ನ ಹಿಂದೆ ಅದರ ಜಾಗದಲ್ಲಿ ಕಾಣುತ್ತಿತ್ತು. ಎದುರು ಮನೆಯ ಮಹಡಿಯಿಂದ ಇಬ್ಬರು ಬಟ್ಟೆ ಒಣಹಾಕುವ ನೆಪದಲ್ಲಿ ನಿಂತರು. ಇಸ್ತ್ರಿ ಗಾಡಿಯವನು ಪೆಟ್ಟಿಗೆ ಕೆಳಗಿಟ್ಟು ನೋಡಿದ. ನೋಡಲಿ ಅಂತಲೇ ಹಾಗೆ ಕೂರಿಸಿದ್ದೆ.

ಅವತ್ತು ಸೊಣ್ಣಪ್ಪ ತನ್ನ ಕತೆ ಹೇಳಿದ. ಅವನನ್ನು ಸಾಕಿದ್ದು ಅವನಜ್ಜಿ. ಅವನು ಇಂಡಿಯಾಕ್ಕೆ ಬಂದ ಮೊದಲ ವರ್ಷ ಅವಳು ತೀರಿಕೊಂಡಳು. ಬೇಕಿದ್ದರೆ ಊರಿಗೆ ಹೋಗಬಹುದು ಎಂದು ಅವರ ಮೇಲಿನವರು ಹೇಳಿದರು. ಕೈಗೆತ್ತಿಕೊಂಡ ಕೆಲಸ ಮುಗಿಸು ಎಂದು ಊರು ಬಿಡುವ ದಿನ ಅಜ್ಜಿಯೇ ಹೇಳಿ ಕಳಿಸಿದ್ದರಿಂದ ಅವನು ಹೋಗಲಿಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದ. ಅಲ್ಲಿ ಎಲ್ಲರ ಸೊಂಟದಲ್ಲಿ ಚಾಪೆ, ಇಲ್ಲಿ ಇವನ ಸೊಂಟದಲ್ಲಿ ಬೆಲ್ಟು. ಅದನ್ನು ಹೇಳುವಾಗ ಅವನಿಗೆ ಅಮ್ಮನ ಕನ್ನಡ ಸಾಲಲಿಲ್ಲ, ಇಂಗ್ಲಿಷಿಗೆ ಹೋದ, ಅದೂ ಸಾಲದೆ ಸೊಂಟ ಮುಟ್ಟಿ ತೋರಿಸಿದ.

ಆಮೇಲೆ ನಾನು ಬಾಕಿ ಪಾಠ ಮಾಡಿದೆ. ಸಾವಿನ ಮನೆಗೆ ಹೋದರೆ ಏನು ಮಾತಾಡಬೇಕು, ಏನು ಬಿಡಬೇಕು. ಕಾಫಿ ಕೇಳಬಾರದು. ಚೆನ್ನಾಗಿದ್ದೀರಾ ಅನ್ನಬಾರದು. ಹೊರಡುವಾಗ ಹೋಗಿ ಬರ್ತೀನಿ ಅನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ಪ್ರಸಾದ್ ಬರೆದುಕೊಂಡ. ಸೊಣ್ಣಪ್ಪ ಎಂದಿನಂತೆ ಒಳಗಡೆ ನೋಡಿದ, ತಿದ್ದುವವರು ಯಾರಾದರೂ ಇದ್ದಾರಾ ಎಂದು.

ಆ ಹೊತ್ತಿಗೆ ಅಣ್ಣನ ಸ್ಕೂಟರು ಬಂದು ಗೇಟಿನ ಆಚೆ ನಿಂತಿತು. ಹುಡುಗರಿಬ್ಬರೂ ಎದ್ದು ನಿಂತರು. ಅಣ್ಣ ಸ್ಕೂಟರು ಇಳಿಯಲಿಲ್ಲ, ಕಾಲೂರಿ ಕೂತೇ ಒಳಗೆ ನೋಡಿದ. ಕುರ್ಚಿ, ಹುಡುಗರು, ನಾನು, ನನ್ನ ಹಿಂದಿನ ಚಾಪೆ.

"ಏನ್ ಯೋಚ್ನೆ ಮಾಡ್ದೆ?" ಅಂದ.

"ಬಿಸಾಕಲ್ಲಣ್ಣ. ಪಾಠಾನೂ ನಿಲ್ಸಲ್ಲ. ಮೂರು ದಿನ ಅಂತ ನೀನು ಲೆಕ್ಕ ಹಾಕ್ಕೋ. ನನ್ನ ಲೆಕ್ಕ ನನಗೆ ಬಿಡು. ಅವಳು ನನ್ನಮ್ಮನೂ ಹೌದು."

ದನಿ ಎತ್ತರಿಸಲಿಲ್ಲ. ಅಣ್ಣ ಹೋಗಲಿಲ್ಲ, ಸ್ಕೂಟರಿನ ಮೇಲೆ ಕೂತೇ ಇದ್ದ.

ಹುಡುಗರಿಗೆ ಹೊರಡುವ ಹೊತ್ತಾಗಿತ್ತು. ಪ್ರಸಾದ್ ಕೈ ಮುಗಿದು ಸುಮ್ಮನೆ ಗೇಟಿನ ಕಡೆ ನಡೆದ. ಸೊಣ್ಣಪ್ಪನೂ ಕಲಿತ ಪಾಠದಂತೆ ಬಾಯಿ ಮುಚ್ಚಿಕೊಂಡು ತಿರುಗಿದ. ಆಗ ತಾನೇ ನಾನೇ ಹೇಳಿಕೊಟ್ಟದ್ದು, ತಪ್ಪಿಲ್ಲದೆ ಮಾಡುತ್ತಿದ್ದ. ಅವನು ಎರಡು ಹೆಜ್ಜೆ ಹೋದದ್ದನ್ನು ನೋಡಲು ನನ್ನಿಂದ ಆಗಲಿಲ್ಲ.

"ಸೊಣ್ಣಪ್ಪ, ಹೇಳಿ ಹೋಗು" ಅಂದೆ.

ಅವನು ನಿಂತ. ಇದು ಪರೀಕ್ಷೆಯೋ ಏನೋ ಎಂಬಂತೆ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ವಾಪಸು ಹೊಸಲಿನ ತನಕ ಬಂದು, ನನ್ನ ಭುಜದ ಮೇಲಿಂದ ಒಳಗಿನ ಚಾಪೆ ನೋಡಿ, ಎಂದಿಗಿಂತ ಸ್ವಲ್ಪ ಜೋರಾಗಿ ಹೇಳಿದ.

"ಓಗ್ಬತ್ತೀನಿ ಕಣಜ್ಜಿ."

ಸಾವಿನ ಮನೆಯ ಬಾಗಿಲಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ. ಎದುರು ಮಹಡಿಯವರು ಬಟ್ಟೆ ಬಿಟ್ಟು ಒಳಗೆ ಹೋದರು. ಅಣ್ಣ ಮುಖ ಆಚೆ ತಿರುಗಿಸಿದ, ಹೆಲ್ಮೆಟ್ಟು ಹಾಕಿಕೊಂಡ, ಹಾಕಿಕೊಂಡ ಮೇಲೂ ಬಹಳ ಹೊತ್ತು ಸ್ಕೂಟರು ಸ್ಟಾರ್ಟು ಮಾಡಲಿಲ್ಲ. ಆಮೇಲೆ ಹೋದ.

ಹನ್ನೊಂದನೇ ದಿನಕ್ಕೆ ಕರೆ ಬರಲಿಲ್ಲ. ನಾನು ಮನೆಯಲ್ಲೇ ಹಿತಕಿದ ಬೇಳೆ ಸಾರು, ಮುದ್ದೆ ಮಾಡಿ ಚಾಪೆಯ ಮುಂದೆ ಎಡೆ ಇಟ್ಟೆ. ಅವತ್ತಿನಿಂದ ಗೌರಿ ಹಬ್ಬದ ಬಾಗಿನವೂ ಬಂದಿಲ್ಲ. ಮದುವೆ ಮನೆಗಳಲ್ಲಿ ಎದುರು ಸಿಕ್ಕರೆ ಅಣ್ಣನೂ ನಾನೂ ಊಟ ಆಯ್ತಾ ಎಂದು ಕೇಳಿಕೊಳ್ಳುತ್ತೇವೆ. ನಾನು ಕ್ಷಮೆ ಕೇಳಿಲ್ಲ. ಕೇಳುವಂಥದ್ದು ಏನೂ ಮಾಡಿಲ್ಲ. ಕೆಲವು ಅಪಾರ್ಟ್‌ಮೆಂಟಿನವರು ಆ ವಿಡಿಯೊ ನೋಡಿ ಪಾಠ ಬಿಟ್ಟರು, ಕೆಲವರು ಅದನ್ನು ನೋಡಿಯೇ ಬಂದು ಸೇರಿದರು. ಅದೇ ಚಾಪೆಯ ಪಕ್ಕ ಕೂತು ಈಗಲೂ ಪಾಠ ಮಾಡುತ್ತೇನೆ.

ಸೊಣ್ಣಪ್ಪ ಎರಡು ವರ್ಷ ಮುಗಿಸಿ ಊರಿಗೆ ಹೋದ. ಈಗ ಅಲ್ಲಿ ಮೀನಿನ ದೋಣಿಯ ಕೆಲಸ. ಯಾವಾಗಲಾದರೂ ಒಂದು ವಾಯ್ಸ್ ಮೆಸೇಜು ಕಳಿಸುತ್ತಾನೆ. ಹಿಂದೆ ಸಮುದ್ರದ ಸದ್ದು, ಮುಂದೆ ಅಮ್ಮನ ಕನ್ನಡ. ಮಳೆ ಇಡ್ಕೊಂಡೈತೆ ಟೀಚರ್, ಓದ್ವಾರದಿಂದ ನಿಂತೇ ಇಲ್ಲ ಅನ್ನುತ್ತಾನೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ವಾಕ್ಯಗಳನ್ನು ನಾನು ಕೊಡಬಹುದು, ಮಾತು ಮಾತ್ರ ಅವರಿಗೆ ಅನ್ನ ಹಾಕಿದವರಿಂದ ಬರುತ್ತದೆ. ಹೊಸದಾಗಿ ಸೇರುವವರಿಗೆ ಈಗ ಮೊದಲ ದಿನವೇ ಹೇಳುತ್ತೇನೆ, ನಿಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿಯನ್ನು ಹುಡುಕಿಕೊಳ್ಳಿ, ಅವರ ಮುಂದೆ ಕೂತು ಕಾಳು ಬಿಡಿಸಿ ಅಂತ. ಇನ್ನೊಂದು ಬದಲಾವಣೆಯನ್ನೂ ಮಾಡಿದ್ದೇನೆ. ಸಾವಿನ ಮನೆಯಿಂದ ಸುಮ್ಮನೆ ಎದ್ದು ಹೋಗುವುದು ನಮ್ಮ ಜನರ ಪದ್ಧತಿ ಎಂದು ಹೇಳಿಕೊಡುತ್ತೇನೆ. ಆದರೆ ಮನೆಯವರು ಹೇಳಿ ಹೋಗು ಅಂದರೆ, ಹೇಳಿಯೇ ಹೋಗಿ ಅನ್ನುತ್ತೇನೆ.

ಆ ಶನಿವಾರ ಅವನು ಹೇಳಿದ ಮೇಲೆ ಹೊಸಲಿನಲ್ಲೇ ಕಾಯುತ್ತಾ ನಿಂತಿದ್ದ. ಉತ್ತರ ಬಾರದೆ ಹೊರಡುವ ಅಭ್ಯಾಸ ಅವನಿಗಿರಲಿಲ್ಲ. ನಾನು ಬಾಯಿ ತೆರೆದೆ. ಬಂದದ್ದು, ಹುಷಾರಾಗಿ ಹೋಗಿ ಬಾ. ಹ-ಕಾರ ಸರಿಯಾಗಿತ್ತು. ಅವನು ತಲೆಯಾಡಿಸಿ ಹೋದ.

ಉಸಾರಾಗಿ ಓಗ್ಬುಟ್ ಬಾ ಅನ್ನುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.